ಯುಎಇಗೆ ಬರೋ ಟೀಚರ್‌ಗಳೇ, ಮೊದಲು ಬೇಸಿಕ್ ಎಷ್ಟು ಅಂತ ನೋಡಿ

ಇಲ್ಲಿನ ಸಿಬಿಎಸ್‌ಇ ಶಾಲೆಗಳು ಏಪ್ರಿಲ್‌ನಲ್ಲಿ ಶುರುವಾಗೋದರಿಂದ ನಮ್ಮ ಟೀಚರ್‌ಗಳ ಗ್ರೂಪಿನಲ್ಲಿ ಈಗ ಆಫರ್ ಲೆಟರ್‌ನದ್ದೇ ಮಾತು. "4,000 ದಿರ್ಹಮ್ ಸಾಕಾಗುತ್ತಾ?" ಅಂತ ಎಲ್ಲರೂ ಕೇಳ್ತೀರಿ. ಅದರಲ್ಲಿ ಬೇಸಿಕ್, ಅಂದರೆ ಭತ್ಯೆಗಳನ್ನು ಬಿಟ್ಟ ಮೂಲ ಸಂಬಳ ಎಷ್ಟು ಅಂತ ಯಾರೂ ಹೇಳಲ್ಲ!

ವರ್ಷ ತುಂಬಿಸಿದವರಿಗೆ ಕೆಲಸ ಬಿಡುವಾಗ ಗ್ರಾಚ್ಯುಟಿ, ಅಂದರೆ ಸೇವೆಗೆ ಕೊಡುವ ಇಡಿಗಂಟು ಸಿಗುತ್ತೆ. ಮೊದಲ 5 ವರ್ಷಗಳಿಗೆ ವರ್ಷಕ್ಕೆ 21 ದಿನದ ಸಂಬಳ, ಆಮೇಲಿನ ವರ್ಷಗಳಿಗೆ 30 ದಿನದ್ದು. ಲೆಕ್ಕ ಬೇಸಿಕ್ ಮೇಲೆ ಮಾತ್ರ, ಮನೆ ಬಾಡಿಗೆ, ಪ್ರಯಾಣ ಭತ್ಯೆ ಸೇರಲ್ಲ. ಬೇಸಿಕ್ 2,000 ಇದ್ದರೆ 5 ವರ್ಷಕ್ಕೆ 7,000 ದಿರ್ಹಮ್, 3,000 ಇದ್ದರೆ 10,500. ಒಟ್ಟು ಸಂಬಳ ಎರಡರಲ್ಲೂ ಅದೇ 4,000 ಇರಬಹುದು. ನಾನು ಸಹಿ ಹಾಕಿದ ಮೇಲೆ ಇದನ್ನು ಕಲಿತೆ, ಬಿಡಿ.

ವೀಸಾ ಖರ್ಚು ನೀವು ಕೊಡಿ ಅಂದರೆ ಒಪ್ಪಬೇಡಿ. ಕಾನೂನಿನ ಪ್ರಕಾರ ಅದು ಕೆಲಸ ಕೊಡುವವರ ಹೊಣೆ.

ಡಿಗ್ರಿ, ಬಿ.ಎಡ್ ಸರ್ಟಿಫಿಕೇಟ್‌ಗಳ ಅಟೆಸ್ಟೇಶನ್ (ಅಸಲಿ ಅಂತ ಮುದ್ರೆ ಹಾಕಿಸೋದು) ಊರಲ್ಲಿರುವಾಗಲೇ ಮುಗಿಸಿ: ಮೊದಲು ರಾಜ್ಯ ಸರ್ಕಾರದ್ದು, ಆಮೇಲೆ ಭಾರತದ ವಿದೇಶಾಂಗ ಸಚಿವಾಲಯ, ಕೊನೆಗೆ ಯುಎಇ ರಾಯಭಾರ ಕಚೇರಿ. ಇಲ್ಲಿಗೆ ಬಂದ ಮೇಲೆ ಇಲ್ಲಿನ ವಿದೇಶಾಂಗ ಇಲಾಖೆಯ ಮುದ್ರೆಯೂ ಬೇಕು. ಒಮಾನ್‌ಗೆ ಹೋದ ನನ್ನ ಗೆಳತಿಗೆ ಅಪೊಸ್ಟಿಲ್ (ಕೆಲವು ದೇಶಗಳು ರಾಯಭಾರ ಕಚೇರಿಯ ಮುದ್ರೆ ಇಲ್ಲದೆ ಒಪ್ಪುವ ದೃಢೀಕರಣ) ಒಂದೇ ಸಾಕಾಯ್ತು, ಅವಳ ಮಾತು ಕೇಳಿ ಇಲ್ಲಿಗೆ ಅದನ್ನೇ ಮಾಡಿಸ್ಕೊಂಡು ಬರಬೇಡಿ. ಮುದ್ರೆ ಹಿಂಬದಿಗೆ ಬೀಳೋದರಿಂದ ಸರ್ಟಿಫಿಕೇಟ್ ಲ್ಯಾಮಿನೇಶನ್ ಮಾಡಿಸಿದ್ದರೆ ಕಷ್ಟ.

ಇನ್ನು ಶುಕ್ರವಾರ ಅರ್ಧ ದಿನ ಶಾಲೆ. ಶಾರ್ಜಾದವರಿಗೆ ಮಾತ್ರ ಪೂರ್ತಿ ರಜೆ, ಪುಣ್ಯವಂತರು!