ಮನೆಯ ಉಳಿತಾಯ: ಮೀಟರ್ ನೋಡಿ ಕಲಿತದ್ದು

ಮನೆಖರ್ಚನ್ನು ತಗ್ಗಿಸುವ ಉಪಾಯಗಳನ್ನು ಕಂಡಲ್ಲೆಲ್ಲ ಬರೆದಿಟ್ಟುಕೊಳ್ಳುವ ಅಭ್ಯಾಸ ನನಗೆ ಮೊದಲಿನಿಂದಲೂ ಇದೆ. ಆದರೆ ಅವುಗಳಲ್ಲಿ ಯಾವುದು ನಿಜವಾಗಿ ಹಣ ಉಳಿಸುತ್ತದೆ, ಯಾವುದು ಬರಿಯ ಸಮಾಧಾನವನ್ನಷ್ಟೇ ಕೊಡುತ್ತದೆ ಎಂಬುದು ಸ್ಪಷ್ಟವಾದದ್ದು ವಿದ್ಯುತ್ ಮೀಟರನ್ನು ಓದಲು ಕಲಿತ ಮೇಲೆ. ಈಗಿನ ಬಹುತೇಕ ಎಲೆಕ್ಟ್ರಾನಿಕ್ ಮೀಟರ್‌ಗಳಲ್ಲಿ ಒಂದು ಪುಟ್ಟ ದೀಪ ಮಿನುಗುತ್ತಿರುತ್ತದೆ. ಒಂದು ಯೂನಿಟ್‌ಗೆ ಅದು ಎಷ್ಟು ಸಲ ಮಿನುಗುತ್ತದೆ ಎಂಬ ಸಂಖ್ಯೆಯನ್ನು ಮೀಟರಿನ ಮೇಲೆಯೇ ಮುದ್ರಿಸಿರುತ್ತಾರೆ. ಎರಡು ಮಿನುಗುಗಳ ನಡುವಿನ ಸೆಕೆಂಡುಗಳನ್ನು ಆ ಸಂಖ್ಯೆಯಿಂದ ಗುಣಿಸಿ, ಬಂದ ಉತ್ತರದಿಂದ 36 ಲಕ್ಷವನ್ನು ಭಾಗಿಸಿದರೆ ಆ ಹೊತ್ತಿಗೆ ಮನೆ ಎಷ್ಟು ವಾಟ್ ಬಳಸುತ್ತಿದೆ ಎಂಬುದು ತಿಳಿಯುತ್ತದೆ. 3200 ಎಂದಿರುವ ಮೀಟರ್ ಒಂಬತ್ತು ಸೆಕೆಂಡಿಗೊಮ್ಮೆ ಮಿನುಗಿದರೆ ಬಳಕೆ 125 ವಾಟ್ ಎಂದರ್ಥ.

ಒಂದೊಂದೇ ಉಪಕರಣವನ್ನು ಹಾಕಿ, ಆರಿಸಿ ಹೀಗೆ ನೋಡುತ್ತಾ ಹೋದಾಗ ನನ್ನ ಪಟ್ಟಿಯ ಅರ್ಧಕ್ಕರ್ಧ ಉಪಾಯಗಳು ಬಿದ್ದುಹೋದವು. 9 ವಾಟ್‌ನ ಎಲ್‌ಇಡಿ ಬಲ್ಬ್ ಒಂದು ಯೂನಿಟ್ ಮುಗಿಸಲು ನೂರು ಗಂಟೆಗಿಂತ ಹೆಚ್ಚು ಉರಿಯಬೇಕು. 2000 ವಾಟ್‌ನ ಗೀಸರಿಗೆ ಅರ್ಧ ಗಂಟೆ ಸಾಕು. ಮೊಬೈಲ್ ಚಾರ್ಜರನ್ನು ಸಾಕೆಟ್‌ನಿಂದ ಕಿತ್ತಿಡಬೇಕೆಂದು ಮನೆಯವರ ಬೆನ್ನು ಹತ್ತುವುದನ್ನು ನಾನು ಅಂದಿಗೆ ಬಿಟ್ಟೆ. ಖರ್ಚಿನ ದೊಡ್ಡ ಪಾಲು ಹೋಗುವುದು ಬಿಸಿ ಮಾಡುವ ಮತ್ತು ತಣ್ಣಗಾಗಿಸುವ ಉಪಕರಣಗಳಿಗೆ; ಗಮನವನ್ನೂ ಅಲ್ಲಿಗೇ ಕೊಡಬೇಕು.

ಮೊದಲು ಕೈಹಾಕಿದ್ದು ಗೀಸರಿಗೆ. ಒಂದು ಲೀಟರ್ ನೀರಿನ ಉಷ್ಣತೆಯನ್ನು ಒಂದು ಡಿಗ್ರಿ ಸೆಲ್ಸಿಯಸ್ ಏರಿಸಲು ಸುಮಾರು 4.2 ಕಿಲೋಜೂಲ್ ಶಕ್ತಿ ಬೇಕು, ಒಂದು ಯೂನಿಟ್ ಎಂದರೆ 3600 ಕಿಲೋಜೂಲ್. ಈ ಲೆಕ್ಕದಲ್ಲಿ 15 ಲೀಟರ್ ನೀರನ್ನು 25 ಡಿಗ್ರಿಯಿಂದ 60 ಡಿಗ್ರಿಗೆ ಏರಿಸಲು 0.6 ಯೂನಿಟ್ ಬೇಕಾದರೆ, 45 ಡಿಗ್ರಿಗೆ 0.35 ಯೂನಿಟ್ ಸಾಕು. ಕಾಯಿಸಿದ ನೀರು ತೊಟ್ಟಿಯಲ್ಲಿ ನಿಂತಷ್ಟು ಹೊತ್ತೂ ಶಾಖ ಸೋರುತ್ತಲೇ ಇರುತ್ತದೆ. ಆದ್ದರಿಂದ ಸ್ನಾನಕ್ಕೆ ಸ್ವಲ್ಪ ಮುಂಚೆಯಷ್ಟೇ ಗೀಸರ್ ಹಾಕಿ, ಎಲ್ಲರೂ ಒಬ್ಬರ ಹಿಂದೊಬ್ಬರು ಸ್ನಾನ ಮುಗಿಸುವ ಕ್ರಮವನ್ನು ಮಾಡಿಕೊಂಡೆವು. ಎದುರಾದ ವಿರೋಧವೆಲ್ಲ ತಡವಾಗಿ ಏಳುವವರದು.

ಒಲೆಯ ವಿಷಯವೂ ಇದಕ್ಕೆ ಹತ್ತಿರದ್ದೇ. ತೆರೆದ ಪಾತ್ರೆಯಲ್ಲಿ ನೀರು ಒಮ್ಮೆ ಕುದಿಯತೊಡಗಿದ ಮೇಲೆ ಉರಿಯನ್ನು ಎಷ್ಟೇ ಹೆಚ್ಚಿಸಿದರೂ ಅದರ ಉಷ್ಣತೆ ಏರುವುದಿಲ್ಲ, ನೀರು ಬೇಗ ಆವಿಯಾಗುತ್ತದೆ ಅಷ್ಟೇ. ಹಾಗಾಗಿ ಕುದಿ ಬಂದ ಕೂಡಲೇ ಉರಿ ತಗ್ಗಿಸಿ ಮುಚ್ಚಳ ಮುಚ್ಚುತ್ತೇನೆ. ಕುಕ್ಕರಿನಲ್ಲಿ ಒತ್ತಡದಿಂದಾಗಿ ನೀರಿನ ಉಷ್ಣತೆ 120 ಡಿಗ್ರಿಯ ಸಮೀಪಕ್ಕೆ ಹೋಗುವುದರಿಂದ ಬೇಯುವ ಸಮಯ ಉಳಿಯುತ್ತದೆ. ಅಲ್ಲಿಯೂ ಒತ್ತಡ ತುಂಬಿದ ಮೇಲೆ ಅದನ್ನು ಹಾಗೆಯೇ ಉಳಿಸಲು ಸಣ್ಣ ಉರಿ ಸಾಕು.

ಫ್ರಿಜ್ಜಿನ ಒಳಗೆ 4 ಡಿಗ್ರಿ, ಫ್ರೀಜರಿನಲ್ಲಿ ಮೈನಸ್ 18 ಡಿಗ್ರಿ ಇದ್ದರೆ ಸಾಕು, ಅದಕ್ಕಿಂತ ತಣ್ಣಗಾಗಿಸಿದರೆ ಬಿಲ್ಲು ಮಾತ್ರ ಏರುತ್ತದೆ. ಬಾಗಿಲಿನ ರಬ್ಬರ್ ಪಟ್ಟಿ ಸರಿಯಾಗಿದೆಯೇ ಎಂದು ತಿಳಿಯಲು ಒಂದು ಕಾಗದದ ಚೂರನ್ನು ಬಾಗಿಲಿಗೆ ಸಿಕ್ಕಿಸಿ ಎಳೆದು ನೋಡುತ್ತೇನೆ. ಅದು ಬಿಗಿಯಿಲ್ಲದೆ ಜಾರಿ ಬಂದರೆ ಅಲ್ಲಿ ತಂಪು ಸೋರುತ್ತಿದೆ ಎಂದು ತಿಳಿಯಬೇಕು. ಎಷ್ಟೋ ವೇಳೆ ಪಟ್ಟಿಗೆ ಅಂಟಿದ ಜಿಡ್ಡನ್ನು ಸಾಬೂನುನೀರಿನಿಂದ ಒರೆಸಿದರೆ ಅದು ಮತ್ತೆ ಕಚ್ಚಿಕೊಳ್ಳುತ್ತದೆ, ಹೊಸದನ್ನು ಹಾಕಿಸುವ ಅಗತ್ಯ ಬೀಳುವುದಿಲ್ಲ.

ಶುಚಿಗೊಳಿಸುವ ಸಾಮಗ್ರಿಗಳಲ್ಲಿ ನಾನು ಕೊಳ್ಳುವುದನ್ನು ನಿಲ್ಲಿಸಿದ್ದೇ ಹೆಚ್ಚು. ಗಡಸು ನೀರಿನಿಂದ ಕೆಟಲ್‌ನಲ್ಲಿ ಮತ್ತು ಶವರಿನ ತೂತುಗಳಲ್ಲಿ ಕಟ್ಟುವ ಬಿಳಿ ಪದರ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿರುವುದರಿಂದ ವಿನಿಗರ್ ಅದನ್ನು ಕರಗಿಸುತ್ತದೆ. ಶವರಿನ ತಲೆಯನ್ನು ವಿನಿಗರ್ ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ ಮುಳುಗುವಂತೆ ಕಟ್ಟಿ ಕೆಲವು ಗಂಟೆ ಬಿಟ್ಟರೆ ತಿಕ್ಕುವ ಶ್ರಮವೂ ಇರುವುದಿಲ್ಲ. ಆದರೆ ವಿನಿಗರ್ ಮತ್ತು ಅಡುಗೆ ಸೋಡಾವನ್ನು ಬೆರೆಸಿ ಬಳಸುವ ಜನಪ್ರಿಯ ಸಲಹೆಯನ್ನು ನಾನು ಒಪ್ಪುವುದಿಲ್ಲ: ಆಮ್ಲವೂ ಕ್ಷಾರವೂ ಒಂದನ್ನೊಂದು ಶಮನಗೊಳಿಸುವುದರಿಂದ ನೊರೆ ಇಳಿದ ಮೇಲೆ ಉಳಿಯುವುದು ಬಹುತೇಕ ಉಪ್ಪಿನಂಶದ ನೀರು. ವಿನಿಗರನ್ನು ಬ್ಲೀಚ್ ಜೊತೆ ಎಂದೂ ಸೇರಿಸಬಾರದು, ವಿಷಕಾರಿ ಕ್ಲೋರಿನ್ ಅನಿಲ ಹುಟ್ಟುತ್ತದೆ. ಬಟ್ಟೆ ಒಗೆಯುವ ಪುಡಿಯನ್ನು ಅಳತೆ ಮೀರಿ ಹಾಕಿದರೂ ಪ್ರಯೋಜನವಿಲ್ಲ. ಬಟ್ಟೆಯಲ್ಲಿ ಉಳಿದ ಪುಡಿಯನ್ನು ತೆಗೆಯಲು ಇನ್ನೊಮ್ಮೆ ಜಾಲಿಸಬೇಕಾಗುತ್ತದೆ.

ನೀರಿನ ಸೋರಿಕೆಯಲ್ಲಿ ತೊಟ್ಟಿಕ್ಕುವ ನಲ್ಲಿ ಕಣ್ಣಿಗೆ ಬೀಳುತ್ತದೆ, ಕಮೋಡಿನ ಫ್ಲಶ್ ಟ್ಯಾಂಕಿನದು ಬೀಳುವುದಿಲ್ಲ. ಟ್ಯಾಂಕಿಗೆ ಅಡುಗೆ ಬಣ್ಣದ ನಾಲ್ಕಾರು ಹನಿ ಹಾಕಿ, ಫ್ಲಶ್ ಮಾಡದೆ ಇಪ್ಪತ್ತು ನಿಮಿಷ ಬಿಟ್ಟು ನೋಡಿದಾಗ ಕಮೋಡಿನ ನೀರಿಗೆ ಬಣ್ಣ ಬಂದಿದ್ದರೆ ಟ್ಯಾಂಕಿನ ತಳದ ರಬ್ಬರ್ ಸವೆದಿದೆ ಅಥವಾ ಅದರ ಮೇಲೆ ಕಸ ಕೂತಿದೆ ಎಂದು ಅರ್ಥ. ನಾನು ಮೊದಲು ರಬ್ಬರನ್ನು ತೆಗೆದು ಒರೆಸಿ ಕೂರಿಸುತ್ತೇನೆ, ಬಣ್ಣ ಮತ್ತೆ ಕಂಡರೆ ಮಾತ್ರ ಹೊಸದನ್ನು ತರುತ್ತೇನೆ. ಪರೀಕ್ಷೆ ಮುಗಿದ ಕೂಡಲೇ ಒಮ್ಮೆ ಫ್ಲಶ್ ಮಾಡಿಬಿಡಬೇಕು, ಇಲ್ಲದಿದ್ದರೆ ಪಿಂಗಾಣಿಗೆ ಬಣ್ಣ ಹಿಡಿಯಬಹುದು.