ಬೇರೆಯವರ ಕೋಡ್ ಎತ್ತಿಕೊಳ್ಳುವುದು ಹೇಗೆ

9,99,999 ಬೈಟ್‌ನ ಒಂದು ಫೈಲ್ ಇದೆ. ಅದರ ಗಾತ್ರವನ್ನು ಓದುವವರಿಗೆ ಅರ್ಥವಾಗುವ ಹಾಗೆ ಪರದೆಯ ಮೇಲೆ ತೋರಿಸಬೇಕು. ದಶಮಾಂಶದ ಒಂದು ಸ್ಥಾನ ಸಾಕು ಅಂದರೆ ಉತ್ತರ 1.0 ಎಂಬಿ. ಆದರೆ ಪ್ರೋಗ್ರಾಮರ್‌ಗಳ ಪ್ರಶ್ನೋತ್ತರ ತಾಣ ಸ್ಟ್ಯಾಕ್ ಓವರ್‌ಫ್ಲೋದಿಂದ ಅತಿ ಹೆಚ್ಚು ನಕಲಾದ ಜಾವಾ ತುಣುಕು ಅಂತ ಹೆಸರಾದ ಕೋಡ್ ಇದಕ್ಕೆ ‘1000.0 ಕೆಬಿ’ ಎನ್ನುತ್ತಿತ್ತು.

ಅದನ್ನು 2010ರಲ್ಲಿ ಬರೆದವರು ಆಂಡ್ರಿಯಾಸ್ ಲುಂಡ್‌ಬ್ಲಾಡ್. ಬೇರೆಯವರ ಉತ್ತರಗಳಲ್ಲಿ ಒಂದೇ ಲೆಕ್ಕವನ್ನು ಮತ್ತೆ ಮತ್ತೆ ಮಾಡುವ ಲೂಪ್‌ಗಳಿದ್ದವು. ಇವರು ಲೂಪ್ ಇಲ್ಲದೆ ಲಾಗರಿದಮ್‌ನಲ್ಲೇ ಮುಗಿಸಿದರು. ನೋಡಲು ಚೆಂದ, ನಾಲ್ಕಾರು ಸಾಲು. ಜನ ಎತ್ತಿಕೊಂಡರು. 2018ರಲ್ಲಿ ಸೆಬಾಸ್ಟಿಯನ್ ಬಾಲ್ಟೆಸ್ ಎಂಬ ಸಂಶೋಧಕರು ಸ್ಟ್ಯಾಕ್ ಓವರ್‌ಫ್ಲೋದ ಕೋಡ್, ಜನ ತಮ್ಮ ಪ್ರಾಜೆಕ್ಟ್‌ಗಳನ್ನು ಇಡುವ ಗಿಟ್‌ಹಬ್‌ನಲ್ಲಿ ಎಲ್ಲೆಲ್ಲಿ ಹೋಗಿ ಕುಳಿತಿದೆ ಎಂದು ಹುಡುಕಿದಾಗ ಈ ತುಣುಕು ಸಾವಿರಾರು ಪ್ರಾಜೆಕ್ಟ್‌ಗಳಲ್ಲಿ ಸಿಕ್ಕಿತು. 2019ರಲ್ಲಿ ಲುಂಡ್‌ಬ್ಲಾಡ್ ತಾವೇ ‘ಇದರಲ್ಲಿ ಬಗ್ ಇದೆ’ ಎಂದು ಬರೆದು ಉತ್ತರ ತಿದ್ದಿದರು. ಎತ್ತಿಕೊಂಡವರಿಗೆ ಅದು ಗೊತ್ತಾಗಬೇಕಲ್ಲ? ಲಿಂಕ್ ಇಟ್ಟುಕೊಂಡವರು ಹೋಗಿ ನೋಡಬಹುದಿತ್ತು. ಆದರೆ ನಕಲಾದ ತುಣುಕುಗಳಲ್ಲಿ ಹೆಚ್ಚೆಂದರೆ ಕಾಲು ಭಾಗಕ್ಕೆ ಮಾತ್ರ ಮೂಲದ ಹೆಸರಿದೆ ಎಂಬುದು ಅದೇ ಸಂಶೋಧನೆಯ ಅಂದಾಜು.

ನಾನು ಬೆಂಗಳೂರಿನಲ್ಲಿ ಜಾವಾ ಕೋಡ್ ರಿವ್ಯೂ ಮಾಡಿಕೊಂಡಿರುವವಳು. ಬಿಡುವಾದಾಗ ನಮ್ಮ ಕಾಲೇಜಿನ ಜೂನಿಯರ್‌ಗಳ ಟೆಲಿಗ್ರಾಂ ಗುಂಪನ್ನೂ ನೋಡಿಕೊಳ್ಳುತ್ತೇನೆ. ಅಲ್ಲಿ ಮೂಲ ಯಾವುದು ಅಂತ ಕೇಳಿದ ಕೂಡಲೇ ಬರುವ ಉತ್ತರ: “ಅಕ್ಕ, ಕೋಡಿಂಗ್ ಅಂದ್ರೆ ಎಲ್ರೂ ಕಾಪಿ ಹೊಡೆಯೋದೇ ಅಲ್ವಾ?” ಹೌದಪ್ಪ, ಎಲ್ಲರೂ ಎತ್ತಿಕೊಳ್ಳುತ್ತಾರೆ. ಅದಕ್ಕೇ ಎತ್ತಿಕೊಳ್ಳುವ ಕ್ರಮ ಗೊತ್ತಿರಬೇಕು. ಮೂಲದ ಹೆಸರು ಹಾಕುವುದು ಬರೀ ಮರ್ಯಾದೆಯ ಪ್ರಶ್ನೆ ಅಂತ ಹುಡುಗರು ತಿಳಿದುಕೊಂಡಿದ್ದಾರೆ. ಮರ್ಯಾದೆ ಇರಲಿ, ನಾಳೆ ಆ ಕೋಡ್‌ನಲ್ಲಿ ಹುಳುಕು ಕಂಡರೆ ಸುದ್ದಿ ನಿಮಗೆ ತಲುಪಲು ಇರುವ ಒಂದೇ ದಾರಿ ಆ ಲಿಂಕ್.

ಮೊದಲು ಮೂಲ ಹುಡುಕಿ

ಗೂಗಲ್‌ನಲ್ಲಿ ಮೊದಲು ಸಿಕ್ಕಿದ್ದೇ ಮೂಲ ಅಂತಲ್ಲ. ಎಷ್ಟೋ ಟ್ಯುಟೋರಿಯಲ್ ಸೈಟ್‌ಗಳು ಇನ್ನೊಬ್ಬರ ಉತ್ತರವನ್ನು ಹಾಗೇ ಎತ್ತಿ ಹಾಕಿಕೊಂಡಿರುತ್ತವೆ. ಮೂಲ ಹುಡುಕಲು ಸುಲಭದ ಉಪಾಯ ಒಂದಿದೆ. ಕೋಡ್‌ನಲ್ಲಿ ಏನಾದರೂ ವಿಚಿತ್ರ ಇದೆಯಾ ನೋಡಿ. ಕಾಮೆಂಟ್‌ನಲ್ಲಿ ತಪ್ಪು ಸ್ಪೆಲ್ಲಿಂಗ್, ಯಾರೂ ಇಡದಂಥ ವೇರಿಯಬಲ್ ಹೆಸರು, ಬೇಡದ ಒಂದು ಸಾಲು, ಹೀಗೆ. ಆ ಭಾಗವನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ ಹುಡುಕಿ. ಕಾಪಿ ಹೊಡೆದವರು ಸ್ಪೆಲ್ಲಿಂಗ್ ತಿದ್ದುವುದು ಕಡಿಮೆ. ಒಂದೇ ತಪ್ಪು ಹತ್ತು ಕಡೆ ಕಾಣಿಸುತ್ತದೆ. ಅವುಗಳಲ್ಲಿ ಹಳೆಯದು ಯಾವುದು ನೋಡಿ.

ಪುಟದ ಮೇಲೆ ಬರೆದ ತಾರೀಕನ್ನು ಮಾತ್ರ ನಂಬಬೇಡಿ, ಅದನ್ನು ಯಾರು ಬೇಕಾದರೂ ಬದಲಿಸಬಹುದು. ಸ್ಟ್ಯಾಕ್ ಓವರ್‌ಫ್ಲೋದಲ್ಲಿ ಪ್ರತಿ ಉತ್ತರದ ತಿದ್ದುಪಡಿ ಇತಿಹಾಸ ಕಾಣುತ್ತದೆ. ಗಿಟ್‌ಹಬ್‌ನಲ್ಲಿ ಆ ಫೈಲ್‌ನ ಕಮಿಟ್ ಇತಿಹಾಸ, ಅಂದರೆ ಯಾವಾಗ ಏನು ಬದಲಾಯಿತು ಎಂಬ ದಾಖಲೆ, ತೆಗೆಯಿರಿ. ಮಿಕ್ಕ ಪುಟಗಳಿಗೆ ವೆಬ್ ಪುಟಗಳ ಹಳೆಯ ಪ್ರತಿ ಉಳಿಸಿಡುವ ವೇಬ್ಯಾಕ್ ಮಷೀನ್ ಇದೆ. ಇಷ್ಟಕ್ಕೆ ಐದು ನಿಮಿಷ ಜಾಸ್ತಿ. ಅಷ್ಟರಲ್ಲೇ ಇನ್ನೊಂದು ಲಾಭವೂ ಇದೆ: ಮೂಲ ಉತ್ತರದ ಕೆಳಗಿನ ಕಾಮೆಂಟ್‌ಗಳನ್ನು ಓದುತ್ತೀರಿ. ‘ಇದು ಇಂಥ ಕಡೆ ಕೈಕೊಡುತ್ತದೆ’ ಎಂದು ಯಾರಾದರೂ ಅಲ್ಲೇ ಬರೆದಿರುತ್ತಾರೆ. ನಕಲು ಸೈಟ್‌ಗೆ ಆ ಕಾಮೆಂಟ್‌ಗಳು ಬಂದಿರುವುದಿಲ್ಲ.

ಲೈಸೆನ್ಸ್ ನೋಡಿ

ಇದನ್ನು ಬೇಗ ಹೇಳಿ ಮುಗಿಸುತ್ತೇನೆ. ಲೈಸೆನ್ಸ್ ಅಂದರೆ ಕೋಡನ್ನು ಹೇಗೆ ಬಳಸಬಹುದು ಎಂಬ ಬರೆದವರ ಷರತ್ತು. ಸ್ಟ್ಯಾಕ್ ಓವರ್‌ಫ್ಲೋದ ಬರಹಗಳೆಲ್ಲ ಕ್ರಿಯೇಟಿವ್ ಕಾಮನ್ಸ್‌ನ ಸಿಸಿ ಬೈ-ಎಸ್‌ಎ ಅಡಿಯಲ್ಲಿವೆ. 2018ರ ಮೇ 2ರ ನಂತರದವಕ್ಕೆ 4.0, ಹಳೆಯವಕ್ಕೆ 3.0 ಅಥವಾ 2.5. ಹೆಸರು ಹಾಕಬೇಕು, ಬದಲಾಯಿಸಿ ಹಂಚಿದರೆ ಅದೇ ಲೈಸೆನ್ಸ್‌ನಲ್ಲೇ ಹಂಚಬೇಕು. ಈ ಎರಡನೇ ಷರತ್ತು ಕಂಪನಿ ಕೋಡ್‌ಗೆ ತಲೆನೋವು. ಹಾಗಾಗಿ ದೊಡ್ಡ ತುಣುಕಾದರೆ ನಾನು ಹೇಳುವುದು ಇಷ್ಟೇ: ಓದಿ, ಅರ್ಥ ಮಾಡಿಕೊಳ್ಳಿ, ಟ್ಯಾಬ್ ಮುಚ್ಚಿ, ನೀವೇ ಬರೆಯಿರಿ. ಓಪನ್ ಸೋರ್ಸ್ ಕೋಡ್‌ಗೆ ಬಳಸುವ ಎಂಐಟಿ ಲೈಸೆನ್ಸ್ ಉದಾರ, ಆದರೂ ಕಾಪಿರೈಟ್ ಸಾಲು ಮತ್ತು ಅನುಮತಿಯ ಪಠ್ಯ ಜೊತೆಯಲ್ಲೇ ಹೋಗಬೇಕು. ಲೈಸೆನ್ಸ್ ಫೈಲೇ ಇಲ್ಲದ ರೆಪೊ (ಪ್ರಾಜೆಕ್ಟ್‌ನ ಫೈಲ್‌ಗಳೆಲ್ಲ ಇರುವ ಜಾಗ) ಕಂಡರೆ ‘ಓಹೋ, ಫ್ರೀ’ ಅಂದುಕೊಳ್ಳುವವರು ಬಹಳ. ವಿಷಯ ಉಲ್ಟಾ. ಲೈಸೆನ್ಸ್ ಇಲ್ಲ ಅಂದರೆ ಎಲ್ಲ ಹಕ್ಕೂ ಬರೆದವರದ್ದೇ. ನಮ್ಮ ದೇಶದ 1957ರ ಕಾಪಿರೈಟ್ ಕಾಯ್ದೆಯಲ್ಲೂ ಕಂಪ್ಯೂಟರ್ ಪ್ರೋಗ್ರಾಂ ಸಾಹಿತ್ಯ ಕೃತಿಯ ಲೆಕ್ಕದಲ್ಲೇ ಬರುತ್ತದೆ.

ಕೋಡ್‌ನ ತಲೆ ಮೇಲೆ ಬರೆಯಿರಿ

ರಿವ್ಯೂಗೆ ಬರುವ ಕೋಡ್‌ನಲ್ಲಿ ‘ಇಂಟರ್ನೆಟ್‌ನಿಂದ ತಗೊಂಡದ್ದು’ ಎಂಬ ಕಾಮೆಂಟ್ ನೋಡಿ ನೋಡಿ ಸಾಕಾಗಿದೆ. ಅದರಿಂದ ಯಾರಿಗೂ ಉಪಯೋಗವಿಲ್ಲ. ನಾನು ಕೇಳುವುದು ಹೀಗಿರುತ್ತದೆ:

ಮೂಲ: ಸ್ಟ್ಯಾಕ್ ಓವರ್‌ಫ್ಲೋ, ಉತ್ತರದ ನೇರ ಲಿಂಕ್
ಬರೆದವರು: ಅಲ್ಲಿ ಕಾಣುವ ಹೆಸರು
ಲೈಸೆನ್ಸ್: ಸಿಸಿ ಬೈ-ಎಸ್‌ಎ 4.0
ತಗೊಂಡ ದಿನ: ತಾರೀಕು
ನಾವು ಬದಲಾಯಿಸಿದ್ದು: ಋಣ ಸಂಖ್ಯೆ ಬಂದರೆ ಎರರ್ ಕೊಡುವಂತೆ ಮಾಡಿದೆ

ಲಿಂಕ್ ಪ್ರಶ್ನೆಯದ್ದಲ್ಲ, ಉತ್ತರದ್ದು. ಒಂದು ಪ್ರಶ್ನೆಗೆ ಇಪ್ಪತ್ತು ಉತ್ತರ ಇರುತ್ತವೆ, ಯಾವುದು ಅಂತ ಹುಡುಕುವವರು ಯಾರು? ಉತ್ತರದ ಕೆಳಗಿರುವ ಶೇರ್ ಬಟನ್ ಒತ್ತಿದರೆ ನೇರ ಲಿಂಕ್ ಸಿಗುತ್ತದೆ, ಲೈಸೆನ್ಸ್ ಯಾವ ಆವೃತ್ತಿ ಎಂಬುದೂ ಅಲ್ಲೇ ಕಾಣುತ್ತದೆ. ತಾರೀಕು ಯಾಕೆ ಅಂದರೆ, ಆಮೇಲೆ ಉತ್ತರ ತಿದ್ದುಪಡಿಯಾಗಿದ್ದರೆ ನಿಮ್ಮದು ತಿದ್ದುವ ಮುಂಚಿನದೋ ನಂತರದ್ದೋ ಗೊತ್ತಾಗಬೇಕು. 2015ರ ತಾರೀಕು ಹಾಕಿಟ್ಟವರು 2019ರ ತಿದ್ದುಪಡಿ ನೋಡಿದ ಕೂಡಲೇ ತಮ್ಮ ಕೋಡ್ ಹಳೆಯದು ಅಂತ ಹೇಳಬಲ್ಲರು.

ಅಂಚಿನಲ್ಲಿ ಓಡಿಸಿ ನೋಡಿ

ಮತ್ತೆ ಆ 9,99,999 ಬೈಟ್‌ಗೆ ಬನ್ನಿ, ಇದನ್ನು ಬಿಡಿಸಿ ನೋಡುವುದು ಒಳ್ಳೆಯದು. ಬೈಟ್‌ಗಳ ಲಾಗರಿದಮ್ ಅನ್ನು ಸಾವಿರದ ಲಾಗರಿದಮ್‌ನಿಂದ ಭಾಗಿಸಿ, ಪೂರ್ಣಾಂಕ ಭಾಗ ಮಾತ್ರ ಇಟ್ಟುಕೊಳ್ಳುವುದು ಅಲ್ಲಿನ ಲೆಕ್ಕ. 1 ಬಂದರೆ ಕೆಬಿ, 2 ಬಂದರೆ ಎಂಬಿ. 9,99,999ಕ್ಕೆ ಬರುವುದು 2ಕ್ಕಿಂತ ಕೂದಲೆಳೆಯಷ್ಟು ಕಡಿಮೆ. ಕತ್ತರಿಸಿದರೆ 1. ಹಾಗಾಗಿ ಕೆಬಿ ಅಂತ ತೀರ್ಮಾನವಾಯಿತು. ಆಮೇಲೆ ಸಾವಿರದಿಂದ ಭಾಗಿಸಿದರೆ 999.999. ಇದನ್ನು ದಶಮಾಂಶದ ಒಂದು ಸ್ಥಾನಕ್ಕೆ ರೌಂಡ್ ಮಾಡಿದರೆ 1000.0. ಕೆಬಿಯೋ ಎಂಬಿಯೋ ಎಂದು ತೀರ್ಮಾನ ಮಾಡಿ ಆದಮೇಲೆ ರೌಂಡ್ ಮಾಡಿದ್ದರಿಂದ ಬಂದ ತೊಂದರೆ ಇದು.

ನೂರು, ಐದು ಸಾವಿರ, ಹತ್ತು ಲಕ್ಷ ಕೊಟ್ಟು ನೋಡಿದರೆ ಎಲ್ಲ ಸರಿಯಾಗೇ ಇರುತ್ತದೆ. ಹಾಗಾಗಿ ಎತ್ತಿಕೊಂಡ ಕೋಡ್‌ಗೆ ಸೊನ್ನೆ ಕೊಡಿ, ಋಣ ಸಂಖ್ಯೆ ಕೊಡಿ, ಖಾಲಿ ಸ್ಟ್ರಿಂಗ್ (ಅಕ್ಷರವೇ ಇಲ್ಲದ ಪಠ್ಯ) ಕೊಡಿ, ಗಡಿಗಿಂತ ಒಂದು ಕಮ್ಮಿ ಕೊಡಿ, ಗಡಿಯನ್ನೂ ಕೊಡಿ, ಒಂದು ಜಾಸ್ತಿಯನ್ನೂ ಕೊಡಿ. ಪಠ್ಯದ ಕೆಲಸವಾದರೆ ಕನ್ನಡ ಕೊಟ್ಟು ನೋಡಿ. ಸ್ಟ್ರಿಂಗ್ ತಿರುಗಿಸುವ ಪ್ರಸಿದ್ಧ ತುಣುಕುಗಳಿಗೆ ‘ಕರ್ನಾಟಕ’ ಎಂದು ಕೊಟ್ಟರೆ ‘ನಾ’ದ ದೀರ್ಘ ಎಲ್ಲಿ ಹೋಗಿ ಸೇರಿಕೊಳ್ಳುತ್ತದೆ ನೋಡಿ, ನಗು ಬರುತ್ತದೆ. ಅವು ಯೂನಿಕೋಡ್‌ನ ಒಂದೊಂದು ಸಂಕೇತವನ್ನೂ ಬಿಡಿಬಿಡಿಯಾಗಿ ತಿರುಗಿಸುತ್ತವೆ. ನಮ್ಮ ಎಷ್ಟೋ ಅಕ್ಷರಗಳು ಹಲವು ಸಂಕೇತ ಸೇರಿ ಆದವು.

ನೀವು ಉತ್ತರ ಬರೆಯುವಾಗ

ಇನ್ನೊಬ್ಬರ ಮಾತು ಬೇಕಾದರೆ ಬೇಕಾದಷ್ಟೇ ತಗೊಳ್ಳಿ. ಅದನ್ನು ಉದ್ಧರಣೆಯಾಗಿ ಬೇರೆ ಮಾಡಿ ತೋರಿಸಿ, ಹೆಸರು ಮತ್ತು ಲಿಂಕ್ ಹಾಕಿ. ಎಲ್ಲ ಬರೆದು ಕೊನೆಗೆ ಒಂದು ಲಿಂಕ್ ಎಸೆದರೆ ಯಾವುದು ಯಾರದ್ದು ಅಂತ ಗೊತ್ತಾಗುವುದಿಲ್ಲ. ಉದ್ಧರಣೆ ತೆಗೆದುಬಿಟ್ಟರೂ ಉತ್ತರದಲ್ಲಿ ನಿಮ್ಮದು ಅಂತ ಏನಾದರೂ ಉಳಿಯಬೇಕು. ಏನೂ ಉಳಿಯದಿದ್ದರೆ ಲಿಂಕನ್ನೇ ಕಾಮೆಂಟ್‌ನಲ್ಲಿ ಕೊಡಿ, ಸಾಕು. ನಿಮ್ಮದು ಅಂದರೆ ದೊಡ್ಡ ಸಂಶೋಧನೆಯೇನೂ ಬೇಡ. ನಿಮ್ಮ ಯಂತ್ರದಲ್ಲಿ ಓಡಿಸಿದಾಗ ಬಂದ ಔಟ್‌ಪುಟ್, ಜಾವಾ 17ರಲ್ಲಿ ನೋಡಿದ್ದೋ 21ರಲ್ಲೋ ಎಂಬ ಮಾಹಿತಿ, ಎಲ್ಲಿ ಕೆಲಸ ಮಾಡಲಿಲ್ಲ ಎಂಬ ಒಂದು ಸಾಲು. ಇಂಥ ಒಂದು ಸಾಲಿಗೆ ಇರುವ ಬೆಲೆ ಉದ್ದದ ಪೀಠಿಕೆಗೆ ಇಲ್ಲ.

ಇಂಗ್ಲಿಷ್ ಟ್ಯುಟೋರಿಯಲ್ ಒಂದನ್ನು ಕನ್ನಡಕ್ಕೆ ತಂದು ‘ನಾನು ಬರೆದದ್ದು’ ಅನ್ನುವುದೂ ಕಾಪಿಯೇ. ಕನ್ನಡದಲ್ಲಿ ಇಂಥ ಬರಹ ಬೇಕು, ಖಂಡಿತ ಬೇಕು. ಅನುವಾದಕ್ಕೆ ಬಾಗಿಲು ತೆರೆದಿಟ್ಟಿರುವ ಮೂಲಗಳಿಂದ ಶುರು ಮಾಡಿ. ವೆಬ್ ಕಲಿಯುವವರು ನೋಡುವ ಎಂಡಿಎನ್‌ನ ಬರಹಗಳು ಸಿಸಿ ಬೈ-ಎಸ್‌ಎ 2.5 ಅಡಿಯಲ್ಲಿವೆ. ಹೆಸರು ಹಾಕಿ, ಅದೇ ಲೈಸೆನ್ಸ್ ಕೊಟ್ಟು, ಧಾರಾಳವಾಗಿ ಕನ್ನಡಕ್ಕೆ ತನ್ನಿ.

ಎಐ ವಿಷಯ. 2022ರ ಡಿಸೆಂಬರ್‌ನಲ್ಲಿ, ಚಾಟ್‌ಜಿಪಿಟಿ ಬಂದ ಕೆಲವೇ ದಿನಕ್ಕೆ, ಸ್ಟ್ಯಾಕ್ ಓವರ್‌ಫ್ಲೋ ಅದರ ಉತ್ತರಗಳನ್ನು ನಿಷೇಧಿಸಿತು. ಅವರ ಕಾರಣ: ಉತ್ತರಗಳು ನೋಡಲು ಚೆನ್ನಾಗಿರುತ್ತವೆ, ಸರಿಯಾಗಿರುವುದು ಕಡಿಮೆ. ಗುಂಪಿನಲ್ಲಿ ನಾನು ಇಟ್ಟಿರುವ ನಿಯಮ ಸರಳ. ಎಐ ಬಳಸಿದ್ದರೆ ಹೇಳಿ, ಓಡಿಸದೇ ಹಾಕಬೇಡಿ. ಉತ್ತರದಲ್ಲಿರುವ ಪ್ರತಿ ಫಂಕ್ಷನ್ ಹೆಸರನ್ನೂ ಅಧಿಕೃತ ಡಾಕ್ಯುಮೆಂಟೇಶನ್‌ನಲ್ಲಿ ಹುಡುಕಿ, ಯಾಕೆಂದರೆ ಇಲ್ಲದ ಫಂಕ್ಷನ್‌ಗೂ ಎಐ ಚಂದದ ಹೆಸರಿಡುತ್ತದೆ. ‘ಹೇಗೆ ಕೆಲಸ ಮಾಡುತ್ತೆ ಹೇಳಪ್ಪ’ ಅಂದರೆ ಎರಡು ಸಾಲು ಹೇಳಲಾಗದ ಉತ್ತರವನ್ನು ತೆಗೆದುಹಾಕುತ್ತೇನೆ.

ಬರೀ ಲೆಕ್ಕ ತುಂಬಿಸುವ ಕೊಡುಗೆ ಬೇಡ. ಓಪನ್ ಸೋರ್ಸ್ ಪ್ರಾಜೆಕ್ಟ್‌ಗಳಿಗೆ ಕೊಡುಗೆ ಕೊಡಲು ಅಕ್ಟೋಬರ್‌ನಲ್ಲಿ ನಡೆಯುವ ಹ್ಯಾಕ್ಟೋಬರ್‌ಫೆಸ್ಟ್, 2020ರದ್ದು ನೆನಪಿದೆಯಾ? ನಾಲ್ಕು ಪುಲ್ ರಿಕ್ವೆಸ್ಟ್‌ಗೆ (ಬೇರೆಯವರ ಪ್ರಾಜೆಕ್ಟ್‌ಗೆ ಸೇರಿಸಿ ಎಂದು ಕಳಿಸುವ ಬದಲಾವಣೆಗೆ) ಒಂದು ಟೀ ಶರ್ಟ್. ಯೂಟ್ಯೂಬ್‌ನಲ್ಲಿ ತೋರಿಸಿಕೊಟ್ಟದ್ದನ್ನು ನೋಡಿ ಸಿಕ್ಕ ಸಿಕ್ಕ ರೆಪೊದ ರೀಡ್‌ಮೀ ಫೈಲ್‌ಗೆ ‘ಅದ್ಭುತ ಪ್ರಾಜೆಕ್ಟ್’ ಎಂದು ಸೇರಿಸಿ ಕಳಿಸಿದವರಲ್ಲಿ ನಮ್ಮ ದೇಶದ ಹುಡುಗರು ಬಹಳ ಇದ್ದರು. ಆ ಪ್ರಾಜೆಕ್ಟ್‌ಗಳನ್ನು ನೋಡಿಕೊಳ್ಳುವ ಮೇಂಟೇನರ್‌ಗಳು ರೇಗಿಬಿದ್ದರು. ಅಕ್ಟೋಬರ್ ಶುರುವಾಗಿ ಮೂರೇ ದಿನಕ್ಕೆ, ಒಪ್ಪಿಗೆ ಕೊಟ್ಟ ರೆಪೊಗಳಿಗೆ ಕಳಿಸಿದ್ದು ಮಾತ್ರ ಲೆಕ್ಕ ಎಂದು ನಿಯಮವೇ ಬದಲಾಯಿತು.

ನಿಮ್ಮದನ್ನೇ ಯಾರಾದರೂ ಎತ್ತಿದರೆ

ಮೊದಲು, ಅದು ನಿಜಕ್ಕೂ ಕಾಪಿಯಾ ಅಂತ ನೋಡಿ. ಪಟ್ಟಿಯನ್ನು ಅರ್ಧರ್ಧ ಮಾಡುತ್ತ ಹುಡುಕುವ ಬೈನರಿ ಸರ್ಚ್ ಯಾರು ಬರೆದರೂ ಹೆಚ್ಚುಕಮ್ಮಿ ಒಂದೇ ಥರ ಇರುತ್ತದೆ. 1994ರಲ್ಲಿ ಅಲೆಕ್ಸ್ ಐಕನ್ ಕಟ್ಟಿದ, ಕೋಡ್‌ಗಳ ನಡುವಿನ ಹೋಲಿಕೆ ಹುಡುಕುವ ಮಾಸ್ ಎಂಬ ಸಾಧನವನ್ನು ಕಾಲೇಜುಗಳು ಇವತ್ತಿಗೂ ಬಳಸುತ್ತವೆ. ವೇರಿಯಬಲ್ ಹೆಸರು ಬದಲಾಯಿಸಿದರೆ ಅದಕ್ಕೆ ಮೋಸ ಆಗುವುದಿಲ್ಲ. ಆದರೆ ಅದೂ ಕೂಡ ತುಂಬಾ ಜನರ ಫೈಲ್‌ನಲ್ಲಿ ಕಾಣುವ ಭಾಗವನ್ನು ಲೆಕ್ಕದಿಂದ ಬಿಡುತ್ತದೆ, ಮೇಷ್ಟ್ರೇ ಕೊಟ್ಟ ಕೋಡ್ ಇದ್ದರೆ ಅದನ್ನೂ ಬಿಡಿಸಬಹುದು. ಅದು ತೋರಿಸುವುದು ಹೋಲಿಕೆ ಮಾತ್ರ, ತೀರ್ಪು ಮನುಷ್ಯರೇ ಕೊಡಬೇಕು. ನೀವು ಹುಡುಕಬೇಕಾದ್ದು ಕಾಕತಾಳೀಯವಾಗಿ ಬರಲಾರದ್ದನ್ನು: ನಿಮ್ಮದೇ ಬೇಡದ ಸಾಲು, ನಿಮ್ಮದೇ ಉದಾಹರಣೆಯ ಸಂಖ್ಯೆಗಳು, ನಿಮ್ಮದೇ ಕಾಗುಣಿತ ತಪ್ಪು.

ಕಾಪಿಯೇ ಅಂತ ಖಾತ್ರಿಯಾದರೆ ಜಗಳಕ್ಕೆ ಇಳಿಯುವ ಮುಂಚೆ ಸಾಕ್ಷಿ ಕಟ್ಟಿಟ್ಟುಕೊಳ್ಳಿ. ಎರಡೂ ಪುಟದ ಸ್ಕ್ರೀನ್‌ಶಾಟ್ ತೆಗೆಯಿರಿ. ಎರಡನ್ನೂ ವೇಬ್ಯಾಕ್ ಮಷೀನ್‌ನಲ್ಲಿ ಉಳಿಸಿ. ನೀವು ಬೈದ ಮೇಲೆ ಪುಟ ಮಾಯವಾದರೆ ತೋರಿಸಲು ಏನೂ ಇರುವುದಿಲ್ಲ. ಆಮೇಲೆ ಬರೆದವರಿಗೇ ಖಾಸಗಿಯಾಗಿ ಒಂದು ಸಂದೇಶ. ನಾನು ಜೂನಿಯರ್‌ಗಳಿಗೆ ಕೊಡುವ ಮಾದರಿ ಇದು:

“ನಮಸ್ಕಾರ. ನೀವು ಹಾಕಿರುವ ಬರಹದ ಕೋಡ್ ಮತ್ತು ಅದರ ಕೆಳಗಿನ ವಿವರಣೆ ನನ್ನ ಬರಹದ್ದೇ. ಎರಡರ ಲಿಂಕೂ ಕೆಳಗಿದೆ. ನನ್ನ ಹೆಸರು, ಮೂಲದ ಲಿಂಕ್ ಸೇರಿಸಿದರೆ ಸಾಕು. ಆಗದಿದ್ದರೆ ಆ ಭಾಗ ತೆಗೆಯಿರಿ. ಶುಕ್ರವಾರದೊಳಗೆ ತಿಳಿಸುತ್ತೀರಾ?”

‘ಕಳ್ಳ’ ಅನ್ನುವ ಪದ ಇದರಲ್ಲಿ ಇಲ್ಲ, ಬೇಕಂತಲೇ. ಸೆಕೆಂಡ್ ಸೆಮಿಸ್ಟರ್ ಹುಡುಗನಿಗೆ ಲೈಸೆನ್ಸ್ ಅಂದರೆ ಡಿಎಲ್ ಅಷ್ಟೇ ಗೊತ್ತಿರುತ್ತದೆ, ಸುಮ್ನೆ ಹೆದರಿಸಿ ಏನು ಬಂತು? ಶುಕ್ರವಾರ ಅನ್ನುವುದು ಮಾತ್ರ ಇರಲೇಬೇಕು. ಗಡುವಿಲ್ಲದ ಸಂದೇಶಕ್ಕೆ ಉತ್ತರ ಬರುವುದಿಲ್ಲ.

ಉತ್ತರ ಬರದಿದ್ದರೆ ಸೈಟ್‌ನ ಮಾಡರೇಟರ್‌ಗೆ ಹೇಳಿ. ‘ಇದು ಕಾಪಿ’ ಅಂತ ಒಂದು ಸಾಲು ಬರೆದರೆ ಅವರೇನು ಮಾಡಲು ಸಾಧ್ಯ? ಮೂಲದ ಲಿಂಕ್, ಯಾವ ಪ್ಯಾರಾ ಯಾವ ಪ್ಯಾರಾಗೆ ಹೊಂದುತ್ತದೆ, ತಾರೀಕು, ಇಷ್ಟು ಕೊಡಿ. ಕೋಡ್ ಗಿಟ್‌ಹಬ್‌ನಲ್ಲಿದ್ದರೆ ಅಮೆರಿಕದ ಡಿಎಂಸಿಎ ಎಂಬ ಕಾಪಿರೈಟ್ ಕಾನೂನಿನ ಪ್ರಕಾರ ನೋಟಿಸ್ ಕಳಿಸಬಹುದು. ಗಿಟ್‌ಹಬ್ ಅಂಥ ನೋಟಿಸ್‌ಗಳನ್ನು ಬಹಿರಂಗವಾಗಿ ಹಾಕುತ್ತದೆ, ಹಾಗಾಗಿ ಸಿಟ್ಟಿನಲ್ಲಿ ಬರೆಯಬೇಡಿ. ನಮ್ಮಲ್ಲೂ ದಾರಿಯಿದೆ. 2013ರ ಕಾಪಿರೈಟ್ ನಿಯಮಗಳ 75ನೇ ನಿಯಮದಂತೆ, ಲಿಖಿತ ದೂರು ಸರಿಯಾಗಿದೆ ಎಂದು ಮನವರಿಕೆಯಾದರೆ ಅದನ್ನು ಇಟ್ಟುಕೊಂಡಿರುವ ಸೈಟ್ 36 ಗಂಟೆಯೊಳಗೆ ಆ ಪ್ರತಿ ಯಾರಿಗೂ ಸಿಗದಂತೆ ಮಾಡಬೇಕು. ಆದರೆ ಅದು 21 ದಿನಕ್ಕೆ ಮಾತ್ರ. ಅಷ್ಟರಲ್ಲಿ ನೀವು ಕೋರ್ಟ್ ಆದೇಶ ತರದಿದ್ದರೆ ಅವರು ಮತ್ತೆ ತೆರೆಯಬಹುದು. ಇಪ್ಪತ್ತು ಸಾಲಿನ ಕೋಡ್‌ಗೆ ಯಾರೂ ಕೋರ್ಟಿಗೆ ಹೋಗುವುದಿಲ್ಲ, ಹಾಗಾಗಿ ನನ್ನ ಅನುಭವದಲ್ಲಿ ಕೆಲಸಕ್ಕೆ ಬರುವುದು ಮೊದಲಿನ ಎರಡೇ: ಸಂದೇಶ, ಮಾಡರೇಟರ್. ಇಡೀ ಪುಸ್ತಕವನ್ನೋ ಕೋರ್ಸನ್ನೋ ಎತ್ತಿ ದುಡ್ಡಿಗೆ ಮಾರುತ್ತಿದ್ದರೆ ಮಾತ್ರ ವಕೀಲರನ್ನು ನೋಡಿ, ಅದೂ ಆ 21 ದಿನ ಶುರುವಾಗುವ ಮುಂಚೆಯೇ.