ಗೋಬರ್ ಗ್ಯಾಸ್ ಕಟ್ಟಿಸುವ ಮುಂಚೆ ಸಗಣಿ ತೂಗಿ

ಮನೆಯಲ್ಲಿ ಎಷ್ಟು ಜನ ಉಣ್ಣುತ್ತಾರೆ ಎಂದು ನೋಡಿ ಗೋಬರ್ ಗ್ಯಾಸ್ ತೊಟ್ಟಿಯ ಅಳತೆ ಹೇಳುವ ಮೇಸ್ತ್ರಿಯ ಮಾತು ಕೇಳಬೇಡಿ. ಅಳತೆ ನಿರ್ಧಾರವಾಗಬೇಕಾದ್ದು ಕೊಟ್ಟಿಗೆಯಲ್ಲಿ. ಒಂದು ಕಿಲೋ ಹಸಿ ಸಗಣಿಗೆ ಸುಮಾರು 40 ಲೀಟರ್ ಗ್ಯಾಸ್ ಬರುತ್ತದೆ. 2 ಘನ ಮೀಟರ್ ತೊಟ್ಟಿಗೆ, ಅಂದರೆ ದಿನಕ್ಕೆ ಅಷ್ಟು ಗ್ಯಾಸ್ ಕೊಡುವ ತೊಟ್ಟಿಗೆ, ದಿನಕ್ಕೆ 50 ಕಿಲೋ ಬೇಕು. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಹಾಲಿಗೆಂದು ಕಟ್ಟಿ ಮೇಯಿಸುವ ಸೀಮೆಹಸುಗಳಾದರೆ ಮೂರು–ನಾಲ್ಕು ಸಾಕು, ನಾಟಿಯಾದರೆ ಐದು. ಒಂದು ವಾರ ಮಂಕರಿಯಲ್ಲಿ ತೂಗಿ ನೋಡಿ. ಎರಡೇ ಹಸು ಇದ್ದರೆ 1 ಘನ ಮೀಟರ್‌ನದು ಕಟ್ಟಿಸಿ. ದೊಡ್ಡ ತೊಟ್ಟಿ ಅರೆಹೊಟ್ಟೆಯಲ್ಲಿದ್ದರೆ ಗ್ಯಾಸೂ ಅರೆಬರೆಯೇ.

2 ಘನ ಮೀಟರ್ ಗ್ಯಾಸ್ ಎಂದರೆ ಸುಮಾರು 0.9 ಕಿಲೋ ಎಲ್‌ಪಿಜಿ. ತೊಟ್ಟಿ ಪೂರ್ತಿ ಕೆಲಸ ಮಾಡಿದರೆ 14.2 ಕಿಲೋ ಸಿಲಿಂಡರ್ ಹದಿನಾರು ದಿನಕ್ಕೊಂದರಂತೆ ಉಳಿಯುತ್ತದೆ.

ಜಾಗ ಬಿಸಿಲಿನದಾಗಿರಲಿ, ಅಡುಗೆಮನೆಗೆ ಹತ್ತಿರವಿರಲಿ, ಬೋರ್‌ವೆಲ್‌ನಿಂದ 15 ಮೀಟರ್ ಆದರೂ ದೂರವಿರಲಿ. ದೀನಬಂಧು ಮಾದರಿಯಲ್ಲಿ ಇಟ್ಟಿಗೆಯ ಗುಮ್ಮಟವೇ ಗ್ಯಾಸ್ ಹಿಡಿದಿಡುವುದು. ಒಳಗಾರೆಯಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಸೋರುತ್ತದೆ. ಹಾಗಾಗಿ ಗಾರೆಗೆ ನೀರು ಉಣಿಸುವುದರಲ್ಲಿ ಜುಗ್ಗತನ ಬೇಡ. ಸಗಣಿ ಹಾಕುವ ಮೊದಲು ನೀರು ತುಂಬಿ, ಗುರುತು ಹಾಕಿ, ಒಂದು ದಿನ ಬಿಟ್ಟು ಮಟ್ಟ ಇಳಿದಿದೆಯೇ ನೋಡಿ.

ಮೊದಲ ತುಂಬಿಕೆಯಲ್ಲೇ ಬಹಳ ಜನ ಸೋಲುವುದು. ಬಗ್ಗಡ, ಅಂದರೆ ನೀರಲ್ಲಿ ಕಲಸಿದ ಸಗಣಿ, ಒಳಗೆ ಸುಮಾರು 40 ದಿನ ನಿಲ್ಲಬೇಕು, ಆ ಲೆಕ್ಕದಲ್ಲಿ 2 ಘನ ಮೀಟರ್ ತೊಟ್ಟಿಗೆ ಎರಡು ಟನ್ ಸಗಣಿ, ಅಷ್ಟೇ ನೀರು. ಕಟ್ಟಡ ಏಳುವಾಗಲೇ ಸಗಣಿಯನ್ನು ನೆರಳಲ್ಲಿ, ಒಣಗದ ಹಾಗೆ ಕೂಡಿಹಾಕಿ. ನಡೆಯುತ್ತಿರುವ ತೊಟ್ಟಿಯಿಂದ ಎರಡು ಡ್ರಮ್ ಬಗ್ಗಡ ತಂದು ಬೆರೆಸಿದರೆ ಬೇಗ ಗ್ಯಾಸ್ ಹಿಡಿಯುತ್ತದೆ. ಮೊದಲು ಬರುವುದು ಗಾಳಿ ಮತ್ತು ಇಂಗಾಲದ ಡೈಆಕ್ಸೈಡ್. ಹತ್ತಿರ ಬೆಂಕಿ ಇಲ್ಲದಾಗ ಹೊರಗೆ ಬಿಟ್ಟುಬಿಡಿ. ಗುಮ್ಮಟದ ಪೈಪಿನ ಬಾಯಿಗೆ ಕಡ್ಡಿ ಗೀರಿ ಪರೀಕ್ಷಿಸುವುದಂತೂ ಬೇಡವೇ ಬೇಡ, ಒಲೆಯ ಮೇಲೆ ನೋಡಿ.

ಆಮೇಲೆ ದಿನವೂ ಸಮಪ್ರಮಾಣದಲ್ಲಿ ಕಲಸಿ ಹಾಕಿ. ಹಸಿಮೇವು ತಿನ್ನುವ ಸೀಮೆಹಸುವಿನ ಸಗಣಿ ತೆಳ್ಳಗಿದ್ದರೆ ನೀರು ಕಡಿಮೆ ಮಾಡಿ, ನೀರಿನ ಬರದ ಈ ಸೀಮೆಯಲ್ಲಿ ಅದೂ ಉಳಿತಾಯವೇ. ಮಣ್ಣಿನ ನೆಲದಿಂದ ಬಾಚಿದ ಸಗಣಿಯ ಮರಳು ತಳದಲ್ಲಿ ಕೂತು ಜಾಗ ತಿನ್ನುತ್ತದೆ, ರಾಗಿಹುಲ್ಲು ಮೇಲೆ ತೇಲಿ ಕೆನೆ ಕಟ್ಟುತ್ತದೆ. ಫಿನಾಯಿಲ್ ಹಾಕಿ ತೊಳೆದ ನೀರು, ಕೆಚ್ಚಲುಬಾವಿಗೆ ಔಷಧಿ ನಡೆಯುತ್ತಿರುವ ಹಸುವಿನ ಸಗಣಿ, ಸೋಂಕುನಿವಾರಕ ಪುಡಿ ಬಿದ್ದ ರೇಷ್ಮೆಹುಳುವಿನ ಕಸ, ಇವು ಮೂರೂ ಗ್ಯಾಸ್ ಮಾಡುವ ಜೀವಾಣುಗಳನ್ನು ಕೊಲ್ಲುತ್ತವೆ.

ಉರಿ ಕುಣಿಯುತ್ತಿದ್ದರೆ ಪೈಪಿನಲ್ಲಿ ನೀರು ನಿಂತಿದೆ. ತಗ್ಗಿನ ಜಾಗದಲ್ಲಿ ಒಂದು ನಲ್ಲಿ ಇಡಿಸಿ ಆಗಾಗ ಬಸಿಯಿರಿ. ಎಲ್‌ಪಿಜಿ ಒಲೆಯ ಜೆಟ್‌ನ ತೂತು ಇದಕ್ಕೆ ಸಣ್ಣದು, ಗೋಬರ್ ಗ್ಯಾಸ್ ಒಲೆಯನ್ನೇ ಕೊಳ್ಳಿ. ಡಿಸೆಂಬರ್, ಜನವರಿ ಚಳಿಗೆ ಗ್ಯಾಸ್ ಇಳಿಯುವುದು ಸಹಜ. ಆಗ ಹೆಚ್ಚು ಸಗಣಿ ಸುರಿದರೆ ಬಗ್ಗಡ ಹುಳಿಯಾಗಿ ಇದ್ದದ್ದೂ ನಿಲ್ಲುತ್ತದೆ. ಬಿಸಿಲಿಗಿಟ್ಟ ನೀರಲ್ಲಿ ಕಲಸಿ, ಗುಮ್ಮಟದ ಮೇಲಿನ ಮಣ್ಣಿಗೆ ಹುಲ್ಲು ಹೊದಿಸಿ. ಹುಳಿ ವಾಸನೆ ಬಂದಿದ್ದರೆ ಕೆಲವು ದಿನ ಏನೂ ಹಾಕಬೇಡಿ.

ಹೊರಬಂದ ಬಗ್ಗಡವನ್ನು ಒಣಎಲೆಯೊಡನೆ ಗುಂಡಿಯಲ್ಲಿ ಕೊಳೆಸಿ ಹಿಪ್ಪುನೇರಳೆ ತೋಟಕ್ಕೆ ಕೊಡಬಹುದು. ಬಿಸಿಲಿಗೆ ಹರವಿದರೆ ಸಾರಜನಕ ಹಾರಿಹೋಗುತ್ತದೆ. ಹೂಳು ತೆಗೆಯಲೆಂದು ತೊಟ್ಟಿಯೊಳಗೆ ಮಾತ್ರ ಯಾರನ್ನೂ ಇಳಿಸಬೇಡಿ: ಒಳಗೆ ಉಸಿರಾಡಲು ಆಮ್ಲಜನಕವಿರುವುದಿಲ್ಲ, ಬಿದ್ದವರನ್ನು ಎತ್ತಲು ಹೋದವರೂ ಸಾಯುತ್ತಾರೆ. ಮೇಲಿಂದಲೇ ಪಂಪ್ ಹಾಕಿ ಎತ್ತಿಸಿ.